ಮಾಂಗ್ರೆಲ್ ಮಾಬ್ ಹುಟ್ಟಿದ್ದು ಎಲ್ಲಿ? ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

ನ್ಯೂಜಿಲೆಂಡಿನ ಮಾಂಗ್ರೆಲ್ ಮಾಬ್ ಗ್ಯಾಂಗಿನ ಕುರಿತು ನಾವು ಪ್ರಕಟಿಸಿದ ಲೇಖನಕ್ಕೆ ನೀವು ಎರಡು ಆಕ್ಷೇಪಗಳನ್ನು ಎತ್ತಿದ್ದೀರಿ. ಅಲ್ಲಿನ ಮೂಲನಿವಾಸಿಗಳಾದ ಮಾವೋರಿಗಳು ಹಿಂದಿನಿಂದಲೂ ಕಾದಾಡುವ ಜನವಾದ್ದರಿಂದ ಈ ಗ್ಯಾಂಗುಗಳು ಆ ಯೋಧಗುಣದ ಮುಂದುವರಿಕೆಯಷ್ಟೇ ಎಂಬುದು ಒಂದು. ಪಾತಕಿಗಳ ಚರಿತ್ರೆ ಬರೆಯುವುದೆಂದರೆ ಅವರನ್ನು ಸಮರ್ಥಿಸಿದಂತೆ ಎಂಬುದು ಇನ್ನೊಂದು. ಮೊದಲನೆಯದನ್ನು ನಾನು ಒಪ್ಪಲಾರೆ. ಎರಡನೆಯದರ ಹಿಂದಿರುವ ಕಳವಳ ನನ್ನದೂ ಹೌದು.

1960ರ ದಶಕದಲ್ಲಿ ಹಾಕ್ಸ್ ಬೇ ಮತ್ತು ವೆಲಿಂಗ್ಟನ್‌ಗಳಲ್ಲಿ ಈ ಗುಂಪು ಕಟ್ಟಿಕೊಂಡಾಗ ಅದರಲ್ಲಿ ಹೆಚ್ಚಾಗಿದ್ದವರು ಬಿಳಿಯ ಹುಡುಗರು. ಅವರು ಆರಿಸಿಕೊಂಡ ಗುರುತುಗಳಲ್ಲಿಯೂ ಮಾವೋರಿ ಪರಂಪರೆಯದು ಯಾವುದೂ ಇರಲಿಲ್ಲ: ಬುಲ್‌ಡಾಗ್, ಜರ್ಮನ್ ಸೈನಿಕರ ಶಿರಸ್ತ್ರಾಣ, ನಾಜಿಗಳ ಸ್ವಸ್ತಿಕ. ಬೆನ್ನಿನ ಮೇಲೆ ಪ್ಯಾಚ್, ಅಂದರೆ ಗ್ಯಾಂಗಿನ ಗುರುತಿನ ಬಟ್ಟೆಯ ಪಟ್ಟಿ, ಹೊಲಿಸಿಕೊಳ್ಳುವ ರೂಢಿ ಅಮೆರಿಕದ ಬೈಕ್ ಗ್ಯಾಂಗುಗಳದು. ಅವುಗಳಲ್ಲೊಂದಾದ ಹೆಲ್ಸ್ ಏಂಜೆಲ್ಸ್ ಅಮೆರಿಕದ ಹೊರಗೆ ತನ್ನ ಮೊದಲ ಶಾಖೆಯನ್ನು ತೆರೆದದ್ದು 1961ರಲ್ಲಿ, ಆಕ್ಲೆಂಡಿನಲ್ಲಿ.

ಮಾಬ್ ಬಹುಮಟ್ಟಿಗೆ ಮಾವೋರಿಗಳ ಗ್ಯಾಂಗಾದದ್ದು ಆಮೇಲೆ. ಎರಡನೇ ಮಹಾಯುದ್ಧದವರೆಗೆ ಬಹುಪಾಲು ತಮ್ಮ ಕುಲದ ನೆಲದಲ್ಲಿಯೇ ಇದ್ದ ಜನ, ಕೂಲಿ ಹುಡುಕುತ್ತ ಎರಡು ತಲೆಮಾರುಗಳೊಳಗೆ ನಗರಗಳಿಗೆ ಬಂದು ಸೇರಿದರು. ಅಲ್ಲಿ ಅವರ ಮಕ್ಕಳು ಪೊಲೀಸರ ಮತ್ತು ಕಲ್ಯಾಣ ಇಲಾಖೆಯ ಕಣ್ಣಿಗೆ ಬಹುಬೇಗ ಬಿದ್ದು, ಎಪುನಿ, ಕೊಹಿಟೆರೆಯಂತಹ ಸರ್ಕಾರಿ ಬಾಲಕರ ಮಂದಿರಗಳಿಗೆ ತಳ್ಳಲ್ಪಟ್ಟರು. ಹೊಡೆತ, ಒಂಟಿಕೋಣೆಯ ಶಿಕ್ಷೆ, ಲೈಂಗಿಕ ದೌರ್ಜನ್ಯ ಆ ಮಂದಿರಗಳ ದಿನಚರಿಯೇ ಆಗಿತ್ತು. ಮನೆಯವರಿಂದ, ಭಾಷೆಯಿಂದ, ಕುಲದ ಹಿರಿಯರಿಂದ ದೂರವಾದ ಹುಡುಗರು ಅಲ್ಲಿ ಪರಸ್ಪರ ಪರಿಚಿತರಾದರು, ಹೊರಬಂದ ಮೇಲೆ ಗ್ಯಾಂಗಿನಲ್ಲಿ ಮತ್ತೆ ಒಂದಾದರು. 1950ರಿಂದ 2019ರವರೆಗೆ ಸರ್ಕಾರದ ಮತ್ತು ಚರ್ಚುಗಳ ಪಾಲನೆಯಲ್ಲಿ ಸುಮಾರು 2 ಲಕ್ಷ ಜನ ದೌರ್ಜನ್ಯಕ್ಕೆ ಒಳಗಾದರೆಂದು 2024ರಲ್ಲಿ ರಾಯಲ್ ಕಮಿಷನ್ ಎಂಬ ಸರ್ಕಾರಿ ತನಿಖಾ ಆಯೋಗ ಅಂದಾಜಿಸಿತು. ಆ ಮಂದಿರಗಳಿಂದ ಗ್ಯಾಂಗಿಗೆ ಹೋದ ದಾರಿಯನ್ನೂ ಅದು ದಾಖಲಿಸಿದೆ.

ಇದರಿಂದ ಮಾಬ್‌ನ ಅಪರಾಧ ಎಳ್ಳಷ್ಟೂ ಹಗುರವಾಗುವುದಿಲ್ಲ. 1986ರಲ್ಲಿ ಆಕ್ಲೆಂಡಿನ ಆಂಬರಿ ಪಾರ್ಕಿನಲ್ಲಿ ಸೇರಿದ್ದ ಗ್ಯಾಂಗಿನವರು ಯುವತಿಯೊಬ್ಬಳ ಮೇಲೆ ಸಾಮೂಹಿಕ ಅತ್ಯಾಚಾರ ಎಸಗಿದರು. 2007ರಲ್ಲಿ ವಾಂಗನೂಯಿಯಲ್ಲಿ ಎದುರಾಳಿ ಗ್ಯಾಂಗಿನವನ ಮನೆಯತ್ತ ಹಾರಿಸಿದ ಗುಂಡಿಗೆ ಅವನ ಎರಡು ವರ್ಷದ ಮಗಳು ಬಲಿಯಾದಳು. ಆ ಎದುರಾಳಿ ಗ್ಯಾಂಗು ಬ್ಲ್ಯಾಕ್ ಪವರ್. 1970ರ ಸುಮಾರಿಗೆ ವೆಲಿಂಗ್ಟನ್‌ನಲ್ಲಿ ಹುಟ್ಟಿದ ಅದರಲ್ಲಿಯೂ ಅದೇ ಮಂದಿರಗಳಲ್ಲಿ ಬೆಳೆದವರಿದ್ದರು. ಅವರೂ ಸಾಧುಗಳಲ್ಲ. ಆದರೂ ರೇ ಹ್ಯಾರಿಸ್ ಎಂಬ ಅದರ ನಾಯಕ 1970ರ ದಶಕದ ಕೊನೆಯ ವೇಳೆಗೆ ತನ್ನವರು ಅತ್ಯಾಚಾರ ಮಾಡಕೂಡದೆಂದು ವಿಧಿಸಿದ. ಒಂದೇ ಬಗೆಯ ಬಾಲ್ಯದಿಂದ ಬಂದವರು ಬೇರೆ ನಿರ್ಧಾರ ತೆಗೆದುಕೊಳ್ಳಬಹುದಾಗಿತ್ತು ಎಂದಮೇಲೆ, ಮಾಬ್‌ನವರ ಕ್ರೌರ್ಯದ ಹೊಣೆ ಅವರದೇ. ಕಾರಣವನ್ನು ಹುಡುಕುವುದಕ್ಕೂ ಕ್ಷಮಿಸುವುದಕ್ಕೂ ಇರುವ ಈ ಅಂತರವನ್ನು ನಮ್ಮ ಲೇಖನ ಇನ್ನಷ್ಟು ಒತ್ತಿ ಹೇಳಬಹುದಿತ್ತು ಎಂಬ ನಿಮ್ಮ ಮಾತು ನ್ಯಾಯವಾದದ್ದು.

ಗ್ಯಾಂಗುಗಳನ್ನು ಹತ್ತಿಕ್ಕಲು ಪ್ಯಾಚ್ ನಿಷೇಧವೊಂದೇ ಸಾಕಾಗಿತ್ತಲ್ಲವೇ ಎಂದೂ ಕೇಳಿದ್ದೀರಿ. ಮಂದಿರಗಳಲ್ಲಿ ನಡೆದುದಕ್ಕೆ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೋರಿದ್ದು 2024ರ ನವೆಂಬರ್ 12ರಂದು; ಸಾರ್ವಜನಿಕವಾಗಿ ಪ್ಯಾಚ್ ತೊಡುವುದು ಅಪರಾಧವಾದದ್ದು ಅದೇ ತಿಂಗಳ 21ರಿಂದ. ಬೀದಿಯಲ್ಲಿ ಅಂಜಿ ನಡೆಯುವವರಿಗೆ ಆ ಕಾನೂನು ನೆಮ್ಮದಿ ತಂದರೆ ನಾನು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಇಂದು ಸರ್ಕಾರದ ಪಾಲನೆಯಲ್ಲಿರುವ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಮಾವೋರಿಗಳೇ. ಅವರ ಪಾಲಿಗೆ ಆ ಕಾನೂನಿನಲ್ಲಿ ಏನೂ ಇಲ್ಲ.

ಸಂಪಾದಕ