ಪಿಂಗಾಣಿ ದೌತಿಗೆ ಬ್ಲೀಚಿಂಗ್ ಪೌಡರ್ ಬೇಡ

ಪ್ರಶ್ನೆ: ಮುತ್ತಜ್ಜನ ಕಾಲದ ಪಿಂಗಾಣಿ ದೌತಿಯೊಂದು ಮನೆಯಲ್ಲಿದೆ. ಬಿಳಿ ಮೈ, ನೀಲಿ ಹೂಬಳ್ಳಿ. ತಳದಲ್ಲಿ ಮಸಿ ಗಟ್ಟಿಯಾಗಿದೆ, ಮೇಲಿನ ಗಾಜಿನಂಥ ಮೆರುಗಿನ ತುಂಬ ಕೂದಲೆಳೆಯಂಥ ಕಂದು ಗೆರೆಗಳು. ಬ್ಲೀಚಿಂಗ್ ಪೌಡರ್ ನೀರಿನಲ್ಲಿ ನೆನೆಸಬಹುದೇ?
– ಓದುಗರು, ಕಲಬುರಗಿ

ಉತ್ತರ: ಬೇಡವೇ ಬೇಡ. ಆಗಿನ ಕಪ್ಪು ಮಸಿಗೆ ಹೆಚ್ಚಾಗಿ ಅನ್ನಭೇದಿ ಬೀಳುತ್ತಿತ್ತು; ಅದು ಕಬ್ಬಿಣದ ಲವಣ. ಬ್ಲೀಚಿಂಗ್ ಪೌಡರಿಗೆ ಕಪ್ಪು ಮಾಯವಾದರೂ ಕಬ್ಬಿಣ ತುಕ್ಕಾಗಿ ಅಲ್ಲೇ ಕೂರುತ್ತದೆ. ಜೊತೆಗೆ ಪೌಡರಿನ ಉಪ್ಪು ಗೆರೆಗಳಲ್ಲಿ ಇಳಿದು, ಒಣಗುವಾಗ ಹರಳುಗಟ್ಟಿ, ಮೆರುಗನ್ನು ಚಕ್ಕೆಚಕ್ಕೆಯಾಗಿ ಎಬ್ಬಿಸುತ್ತದೆ.

ಮೊದಲು ಬೆರಳಿನಿಂದ ತಟ್ಟಿ ನೋಡಿ. ಸದ್ದು ಮಂಕಾಗಿದ್ದರೆ ಎಲ್ಲೋ ಬಿರುಕಿದೆ, ಇಲ್ಲವೇ ಹಿಂದೆ ಯಾರೋ ಅಂಟಿಸಿದ್ದಾರೆ, ಅಂಥದ್ದನ್ನು ನೆನೆಸಬೇಡಿ. ಬೆಳಕಿಗೆ ಓರೆಯಾಗಿ ಹಿಡಿದಾಗ ಹೂವಿನ ಮೇಲೂ ಹೊಳಪು ಒಂದೇ ಸಮ ಇದ್ದರೆ ಚಿತ್ರ ಮೆರುಗಿನ ಅಡಿಯಲ್ಲಿದೆ, ಭಯವಿಲ್ಲ. ಉಗುರಿಗೆ ತಾಕಿದರೆ, ಅಥವಾ ಚಿನ್ನದ ಅಂಚಿದ್ದರೆ, ಬರೀ ನೀರಿಗೆ ನಿಲ್ಲಿಸಿ. ಕಡುಬಣ್ಣದ ಹಳೆಯ ಮೆರುಗಿಗೂ ಹುಳಿ ತಾಗಿಸಬೇಡಿ, ಅದರಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು.

ದೌತಿಯನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ಇಡೀ ರಾತ್ರಿ ಮುಳುಗಿಸಿಡಿ. ಮೆರುಗಿನ ಅಡಿಯ ಮಣ್ಣಿನ ಮೈ ಒಣಗಿದ್ದರೆ, ಕರಗಿದ ಮಸಿಯನ್ನು ಇನ್ನಷ್ಟು ಒಳಗೆಳೆಯುತ್ತದೆ. ಮೊದಲೇ ನೀರು ಕುಡಿದಿದ್ದರೆ ಅಷ್ಟು ಎಳೆಯದು. ಬೋರಿನ ಗಡಸು ನೀರಾದರೆ ಬಿಳಿ ಸುಣ್ಣ ಕೂರುತ್ತದೆ. ಮೆತ್ತಗಾದ ಮಸಿಯನ್ನು ಬಿದಿರು ಕಡ್ಡಿಯಿಂದ ತೆಗೆಯಿರಿ. ಉಕ್ಕಿನ ಸೂಜಿ ಬೂದು ಗೀರು ಬಿಡುತ್ತದೆ. ಉಳಿದ ಕಲೆಗೆ 100 ಮಿ.ಲೀ. ನೀರಿಗೆ 1 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ, ಹತ್ತಿ ಅದ್ದಿ, ಕಲೆಯ ಮೇಲಷ್ಟೇ 10 ನಿಮಿಷ ಇಡಿ. ಹತ್ತಿ ಕಂದಾದರೆ ಬದಲಿಸಿ. ಆಮೇಲೆ ನೀರು ಬದಲಿಸುತ್ತ ಮೂರು ದಿನ ನೆನೆಸಿ, ಒಂದು ವಾರ ನೆರಳಲ್ಲಿ ಒಣಗಿಸಿ. ನಮ್ಮ ಕಡೆಯ ಬೇಸಿಗೆ ಬಿಸಿಲಿಗಿಟ್ಟರೆ ಗೆರೆಗಳು ಹೆಚ್ಚಬಹುದು.

ಗೆರೆ ಪೂರ್ತಿ ಹೋಗುವುದಿಲ್ಲ, ಹೋಗಲೇಬೇಕೆಂದೂ ಇಲ್ಲ. ಬಿದ್ರಿ ಸಾಮಾನಿಗೆ ತಿಕ್ಕುವ ಹಾಗೆ ಎಣ್ಣೆ ಮಾತ್ರ ತಿಕ್ಕಬೇಡಿ, ಗೆರೆಯಲ್ಲಿ ಸೇರಿ ಹಳದಿಯಾಗುತ್ತದೆ. ಮತ್ತೆ ಮಸಿ ತುಂಬುವ ಆಸೆಯಿದ್ದರೆ ಒಳಗೊಂದು ಗಾಜಿನ ಬಟ್ಟಲಿಡಿ.

ಪ್ರಶ್ನೆ: ತಳದಲ್ಲಿ ಇಂಗ್ಲಿಷಿನಲ್ಲಿ ‘ನಿಪ್ಪಾನ್’ ಎಂದಿರುವ ದೌತಿಗೆ ಇನ್ನೂರು ವರ್ಷ ಆಗಿದೆಯೆಂದು ಮಾರುವವರು ಹೇಳುತ್ತಾರೆ. ನಿಜವೇ?
– ಓದುಗರು, ಬೀದರ್

ಉತ್ತರ: ಅಲ್ಲ. 1891ರಿಂದ ಅಮೆರಿಕಕ್ಕೆ ಹೋಗುವ ಸರಕಿನ ಮೇಲೆ ತಯಾರಾದ ದೇಶದ ಹೆಸರು ಇಂಗ್ಲಿಷಿನಲ್ಲಿ ಇರಬೇಕಾಯಿತು. ಜಪಾನಿನವರು ತಮ್ಮ ಭಾಷೆಯಲ್ಲಿ ದೇಶಕ್ಕಿರುವ ‘ನಿಪ್ಪಾನ್’ ಎಂಬ ಹೆಸರನ್ನೇ ಒತ್ತುತ್ತಿದ್ದರು. 1921ರಲ್ಲಿ ಅಮೆರಿಕದ ಸುಂಕದವರು ‘ಜಪಾನ್’ ಎಂದೇ ಇರಬೇಕೆಂದರು. ನಿಮ್ಮದು ಅಸಲಿಯಾದರೆ ಬಹುಶಃ ಈ ಮೂವತ್ತು ವರ್ಷಗಳ ನಡುವಿನದು. ನಕಲಿ ಮುದ್ರೆಗಳೂ ಬಂದಿವೆ. ತಳದ ಮೆರುಗಿಲ್ಲದ ಅಂಚು ನೋಡಿ: ಬಳಸಿದ ದೌತಿಯಲ್ಲಿ ಸವೆತ ಅಲ್ಲಲ್ಲಿ ಹೆಚ್ಚುಕಡಿಮೆ ಇರುತ್ತದೆ, ಉಜ್ಜುಕಾಗದದಿಂದ ಹಳತು ಮಾಡಿದ್ದರಲ್ಲಿ ಗೀರುಗಳೆಲ್ಲ ಒಂದೇ ದಿಕ್ಕಿಗಿರುತ್ತವೆ.