ಮಿಂಡೆನ್ ಕದನದ ಗೆಲುವು ಯಾರದು?

1759ರ ಆಗಸ್ಟ್ 1ರಂದು ಜರ್ಮನಿಯ ಮಿಂಡೆನ್‌ನಲ್ಲಿ ಬ್ರಿಟಿಷ್ ಮತ್ತು ಜರ್ಮನ್ ಪಡೆಗಳ ಮಿತ್ರಸೇನೆ, ಏಳು ವರ್ಷಗಳ ಯುದ್ಧದಲ್ಲಿ, ಫ್ರೆಂಚರನ್ನು ಗೆದ್ದದ್ದು ತಪ್ಪಾಗಿ ಗ್ರಹಿಸಿದ ಒಂದು ಆಜ್ಞೆಯಿಂದ ಎಂದಾದರೆ, ಆ ಕೀರ್ತಿ ಮಿತ್ರಸೇನೆಯ ಸೇನಾಪತಿ, ಬ್ರನ್ಸ್‌ವಿಕ್‌ನ ಫರ್ಡಿನಾಂಡ್‌ಗೆ ಏಕೆ ಸಲ್ಲಬೇಕು, ಅದು ಬ್ರಿಟಿಷ್ ಕಾಲಾಳುಗಳ ಗೆಲುವಲ್ಲವೇ ಎಂದು ಶಿವಮೊಗ್ಗದ ಓದುಗರೊಬ್ಬರು ಕೇಳಿದ್ದಾರೆ. ಅಂದು ಕದಲದೆ ನಿಂತ ಬ್ರಿಟಿಷ್ ಅಶ್ವದಳದ ನಾಯಕನ ಗತಿ ಏನಾಯಿತೆಂಬುದು ಅವರ ಎರಡನೆಯ ಪ್ರಶ್ನೆ.

ಕಾಲಾಳುಗಳ ಸಾಹಸದ ಬಗ್ಗೆ ಎರಡು ಮಾತಿಲ್ಲ. ಮುಂದುವರಿಯುವ ಹೊತ್ತು ಬಂದಾಗ ನಗಾರಿ ಬಾರಿಸುತ್ತ ಮುಂದುವರಿಯಿರಿ ಎಂಬ ಸೂಚನೆಯನ್ನು ಈಗಲೇ ಹೊರಡಿರಿ ಎಂದು ತಿಳಿದ ಆರು ಬ್ರಿಟಿಷ್ ಪದಾತಿ ದಳಗಳು, ಜೊತೆಗೆ ಜರ್ಮನ್ ರಾಜ್ಯವಾದ ಹ್ಯಾನೋವರ್‌ನ ಪದಾತಿಗಳು, ಫಿರಂಗಿಗಳ ಹೊಡೆತವನ್ನು ಸಹಿಸಿಕೊಂಡು ನೇರವಾಗಿ ಫ್ರೆಂಚ್ ಅಶ್ವಸೇನೆಯತ್ತ ನಡೆದವು. ಕುದುರೆಗಳು ತೀರ ಹತ್ತಿರ ಬರುವವರೆಗೂ ಗುಂಡು ಹಾರಿಸದೆ ಕಾದು, ಅಲೆಯಲೆಯಾಗಿ ಬಂದ ದಾಳಿಗಳನ್ನು ಒಂದರ ಹಿಂದೊಂದರಂತೆ ಮುರಿದವು. ಕಾಲಾಳುಗಳು ಅಶ್ವಸೇನೆಯ ಮೇಲೆ ತಾವಾಗಿಯೇ ಏರಿಹೋಗುವುದು ಆ ಕಾಲದ ಯುದ್ಧರೀತಿಗೆ ತೀರ ಹೊರತಾಗಿತ್ತು.

ಆದರೂ ಗೆಲುವನ್ನು ಆ ಒಂದು ನಡೆಗೆ ಇಳಿಸುವುದನ್ನು ನಾನು ಒಪ್ಪಲಾರೆ. ವೇಸರ್ ನದಿಯನ್ನೂ ಜವುಗುನೆಲವನ್ನೂ ಆಸರೆ ಮಾಡಿಕೊಂಡು ಭದ್ರವಾಗಿ ಕುಳಿತಿದ್ದ ಫ್ರೆಂಚ್ ಸೇನಾಪತಿ ಕೊಂತಾದ್‌ನ ದೊಡ್ಡ ಸೈನ್ಯವನ್ನು ಬಯಲಿಗೆ ಎಳೆದದ್ದು ಫರ್ಡಿನಾಂಡ್. ತನ್ನ ಸೇನಾನಿ ವಾಂಗೆನ್‌ಹೈಮ್‌ನ ತುಕಡಿಯನ್ನು ಮುಖ್ಯ ಸೇನೆಯಿಂದ ದೂರ ಒಂಟಿಯಾಗಿ ನಿಲ್ಲಿಸಿ ಆಸೆ ತೋರಿಸಿದವನು, ಶತ್ರುವಿನ ಸರಬರಾಜು ದಾರಿಯನ್ನು ಕಡಿಯಲು ತನ್ನ ಅಣ್ಣನ ಮಗನನ್ನು ಬೇರೆ ಪಡೆಯೊಡನೆ ಕಳುಹಿಸಿದವನು ಅವನೇ. ಅದೇ ದಿನ ಗೋಫೆಲ್ಡ್‌ನಲ್ಲಿ ಆ ಪಡೆ ಗೆಲ್ಲದಿದ್ದರೆ ಕೊಂತಾದ್‌ಗೆ ಹಿಂದೆ ಸರಿಯುವ ದಾರಿ ಅಷ್ಟು ಕಷ್ಟದ್ದಾಗುತ್ತಿರಲಿಲ್ಲ. ಇವುಗಳ ಹಿಂದೆ ಹ್ಯಾನೋವರ್, ಬ್ರನ್ಸ್‌ವಿಕ್, ಹೆಸ್ಸೆ ಎಂಬ ಜರ್ಮನ್ ರಾಜ್ಯಗಳ ಸೈನಿಕರ ದುಡಿಮೆಯಿದೆ; ಅವರನ್ನು ಮರೆತು ಇದನ್ನು ಬರೀ ಬ್ರಿಟಿಷ್ ಕಥೆಯಾಗಿ ಹೇಳುವುದು ಅನ್ಯಾಯ.

ಅಶ್ವದಳದ ನಾಯಕ ಲಾರ್ಡ್ ಜಾರ್ಜ್ ಸ್ಯಾಕ್‌ವಿಲ್. ಫ್ರೆಂಚರು ಚದುರುತ್ತಿದ್ದಾಗ ಮುನ್ನುಗ್ಗುವಂತೆ ಮತ್ತೆಮತ್ತೆ ಆಜ್ಞೆ ಬಂದರೂ ಆತ ಆಜ್ಞೆಗಳು ಸ್ಪಷ್ಟವಾಗಿಲ್ಲವೆಂದು ಹೇಳುತ್ತ ನಿಂತ. ಹೊರಟಿದ್ದ ತನ್ನ ಕೈಕೆಳಗಿನ ಅಧಿಕಾರಿ ಗ್ರ್ಯಾನ್‌ಬಿಯ ಸವಾರರನ್ನೂ ತಡೆದ. ಗೊಂದಲವಿದ್ದದ್ದು ನಿಜವೇ ಇರಬಹುದು, ಆದರೆ ಕಣ್ಣೆದುರೇ ಕಾಲಾಳುಗಳು ಹೋರಾಡುತ್ತಿರುವಾಗ ಆ ಕಾರಣ ನನಗೆ ಸಾಲದೆನಿಸುತ್ತದೆ. 1760ರ ಸೇನಾ ನ್ಯಾಯಾಲಯ ಅವನು ಯಾವುದೇ ಸೇನಾ ಹುದ್ದೆಗೂ ಅನರ್ಹನೆಂದು ತೀರ್ಪಿತ್ತಿತು. ಅಷ್ಟಾದರೂ 1775ರಲ್ಲಿ, ಜರ್ಮೇನ್ ಎಂಬ ಹೊಸ ಹೆಸರಿನಲ್ಲಿ, ಅಮೆರಿಕದ ವಸಾಹತುಗಳ ಸಚಿವನಾಗಿ ಅಲ್ಲಿನ ಯುದ್ಧವನ್ನು ಲಂಡನ್ನಿನಿಂದ ನಡೆಸಿದವನು ಅವನೇ.