‘ಎಂತಕ್ಕೆ ಬಿಟ್ಟ?’: ಕಾರಣ ಹುಡುಕುತ್ತಾ ಕಳೆದ ಏಳು ತಿಂಗಳು

(ಗುರುತು ಸಿಗದ ಹಾಗೆ ಉದ್ಯೋಗ, ಊರು, ಮನೆಯ ವಿವರಗಳನ್ನು ಬದಲಿಸಲಾಗಿದೆ.)

ಆಕೆಗೆ ಪ್ರಾಯ 31. ಉಡುಪಿಯ ಮನೆಯಿಂದ ದಿನಾ ಬೆಳಿಗ್ಗೆ 7.40ರ ಎಕ್ಸ್‌ಪ್ರೆಸ್ ಬಸ್ಸು ಹತ್ತಿ ಮಂಗಳೂರಿಗೆ ಬಂದು, ಸಹಕಾರಿ ಸಂಘವೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವರು. ಅದೇ ಬಸ್ಸಿಗೆ ಕಾಪುವಿನಲ್ಲಿ ಹತ್ತುತ್ತಿದ್ದ ಒಬ್ಬರ ಜೊತೆ ಆರು ವರ್ಷದ ಪ್ರೀತಿ. ಎರಡೂ ಮನೆಗೆ ಗೊತ್ತಿತ್ತು, ಮದುವೆಗೆ ಹಾಲ್ ನೋಡುವ ಮಾತೂ ಬಂದಿತ್ತು. ಒಂದು ಭಾನುವಾರ ರಾತ್ರಿ ಫೋನ್ ಬಂತು. ‘ನನಗೆ ಇದು ಮುಂದುವರಿಸ್ಲಿಕ್ಕೆ ಆಗುವುದಿಲ್ಲ. ನೀನು ಒಳ್ಳೆಯವಳೇ.’ ನಾಲ್ಕು ನಿಮಿಷದ ಕರೆ. ಆಮೇಲೆ ಕಳಿಸಿದ ಯಾವ ಮೆಸೇಜಿಗೂ ಉತ್ತರವಿಲ್ಲ.

ಅಕ್ಕನ ಒತ್ತಾಯಕ್ಕೆ ಆಪ್ತಸಲಹೆಗೆ ಬಂದಾಗ ಏಳು ತಿಂಗಳಾಗಿತ್ತು. ಆರು ಕಿಲೋ ತೂಕ ಇಳಿದಿತ್ತು. ನಿದ್ದೆ ಬರುವಾಗ ರಾತ್ರಿ ಒಂದೂವರೆ. ಕೂತ ಕೂಡಲೇ ಹೇಳಿದ ಮಾತು: ‘ಅವನು ಹೋದದ್ದಕ್ಕೆ ಅಳು ಬರುವುದಲ್ಲ ಮೇಡಂ. ಎಂತಕ್ಕೆ ಹೋದ ಅಂತ ಗೊತ್ತಾಗುವುದಿಲ್ಲ ಅಲ್ವಾ, ಅದಕ್ಕೆ.’

ಆ ಒಂದು ವಾಕ್ಯದಲ್ಲೇ ಇಡೀ ಪ್ರಕರಣ ಇದೆ. ಆದರೆ ಅದನ್ನು ಮುಟ್ಟುವ ಮೊದಲು ಮಾಡಲೇಬೇಕಾದ ಕೆಲಸ ಎರಡಿದ್ದವು.

ಒಂದು, ಖಿನ್ನತೆ ಎಷ್ಟಿದೆ ಎಂದು ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿ. ಹಿಂದಿನ ಎರಡು ವಾರಗಳ ಬಗ್ಗೆ ಒಂಬತ್ತು ಪ್ರಶ್ನೆ, ಒಟ್ಟು 27 ಅಂಕ. ಹತ್ತು ದಾಟಿದರೆ ಗಮನ ಬೇಕು, ಹದಿನೈದು ದಾಟಿದರೆ ಇನ್ನೂ ಹೆಚ್ಚು. ಆಕೆಯದು 17. ಸಾವಿನ ಯೋಚನೆಯ ಬಗ್ಗೆ ಇರುವ ಒಂಬತ್ತನೇ ಪ್ರಶ್ನೆಗೆ ‘ಕೆಲವು ದಿನ’ ಎಂದು ಗುರುತು ಹಾಕಿದ್ದರು. ಅಲ್ಲಿ ಸುತ್ತಿಬಳಸಿ ಮಾತಾಡಬಾರದು, ನೇರವಾಗಿ ಕೇಳಬೇಕು. ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ಹಾಕಿದ ಹಾಗಾಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ‘ಬೆಳಿಗ್ಗೆ ಏಳದಿದ್ದರೆ ಒಳ್ಳೆದಿತ್ತು ಅಂತ ಅನಿಸ್ತದೆ, ಅಷ್ಟೆ’ ಎಂದರು. ಮಾಡಿಕೊಳ್ಳುವ ಯೋಜನೆ ಇರಲಿಲ್ಲ. ಆದರೂ ಅಕ್ಕನನ್ನೂ ಸೇರಿಸಿ ಮೂವರ ನಂಬರು, ಜೊತೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಬರೆಸಿ ಪರ್ಸಿನಲ್ಲಿ ಇಡಿಸಿದೆವು. ಅದೇ ವಾರ ಮನೋವೈದ್ಯರೂ ನೋಡಿದರು. ಸದ್ಯಕ್ಕೆ ಮಾತ್ರೆ ಬೇಡ, ನಾಲ್ಕು ವಾರ ಬಿಟ್ಟು ಮತ್ತೆ ನೋಡುವ ಎಂದರು.

ಎರಡು, ರಕ್ತಪರೀಕ್ಷೆ. ಹಿಮೋಗ್ಲೋಬಿನ್ ಕಮ್ಮಿ, 9.2 ಇತ್ತು. ಅರ್ಧ ಸುಸ್ತು ಅಲ್ಲಿಂದಲೇ ಬರುತ್ತಿರಬಹುದು. ಎಲ್ಲವನ್ನೂ ಮನಸ್ಸಿನ ಲೆಕ್ಕಕ್ಕೆ ಬರೆದುಬಿಡುವ ತಪ್ಪು ಆಪ್ತಸಲಹೆಯಲ್ಲಿ ಸುಲಭವಾಗಿ ಆಗುತ್ತದೆ.

ಎರಡನೇ ಭೇಟಿಗೆ ಆಕೆ ಬ್ಯಾಗಿನಿಂದ 200 ಪುಟದ ಎರಡು ಲಾಂಗ್ ನೋಟ್‌ಬುಕ್ ತೆಗೆದಿಟ್ಟರು. ‘ಮನಸ್ಸಲ್ಲಿದ್ದದ್ದನ್ನು ಬರೆದರೆ ಹಗುರ ಆಗ್ತದೆ’ ಎಂದು ಯಾರೋ ಹೇಳಿದ್ದರಂತೆ. ಒಂದು ತುಂಬಿತ್ತು, ಇನ್ನೊಂದು ಮುಕ್ಕಾಲು ಆಗಿತ್ತು. ಎರಡನೆಯದರ ಕೊನೆಯಲ್ಲಿ ಅವರು ಬಿಟ್ಟದ್ದಕ್ಕೆ ಕಾರಣಗಳ ಪಟ್ಟಿ, ನಂಬರು ಹಾಕಿ. ಹದಿನೇಳನೆಯದು: ‘ಮಲ್ಪೆಯಲ್ಲಿ ಆ ದಿನ ನಾನು ಸ್ವರ ಏರಿಸಿದ್ದು.’ ನಲವತ್ತಮೂರನೆಯದು: ‘ಕಾರಣವೇ ಇಲ್ಲವಾ?’ ಇದರಲ್ಲಿ ನಿಮ್ಮ ತಪ್ಪು ಎಂದು ಬರೆದದ್ದು ಎಷ್ಟು, ಲೆಕ್ಕ ಮಾಡಿ ಎಂದು ಕೆಂಪು ಪೆನ್ನು ಕೊಟ್ಟೆವು. ವೋಚರ್ ತಾಳೆ ನೋಡುವ ಹಾಗೆ ಒಂದೊಂದಕ್ಕೂ ಸಣ್ಣ ಟಿಕ್ ಹಾಕುತ್ತಾ ಹೋದರು. 43ರಲ್ಲಿ 38. ಪೆನ್ನಿನ ಮುಚ್ಚಳ ಹಾಕಿ ಸುಮ್ಮನೆ ಕೂತರು.

ಬರೆಯುವುದು ಒಳ್ಳೆಯದೇ. 1986ರಲ್ಲಿ ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ ಮಾಡಿದ ಅಧ್ಯಯನದಲ್ಲಿ ಅದು ದಿನಕ್ಕೆ ಹದಿನೈದು ನಿಮಿಷ, ನಾಲ್ಕೇ ದಿನ. ಏಳು ತಿಂಗಳಲ್ಲ. ಇನ್ನೊಂದು ವಿಷಯವಿದೆ, ಅದು ಈ ಪ್ರಕರಣಕ್ಕೆ ನೇರ ಸಂಬಂಧಪಟ್ಟದ್ದು. ದಾಂಪತ್ಯದಿಂದ ಹೊಸದಾಗಿ ಬೇರ್ಪಟ್ಟವರ ಬಗ್ಗೆ ಮನೋವಿಜ್ಞಾನಿ ಡೇವಿಡ್ ಸ್ಬಾರಾ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅರ್ಥ ಹುಡುಕುತ್ತಲೇ ಇರುವ ಸ್ವಭಾವದವರಿಗೆ ಭಾವನೆ ಬರೆಯುವುದು ಉಪಕಾರ ಮಾಡಲಿಲ್ಲ, ಚೇತರಿಕೆಗೆ ಅಡ್ಡಿಯಾಯಿತು. ದಿನಚರಿಯನ್ನು ಸುಮ್ಮನೆ ಬರೆದವರೇ ಅವರಿಗಿಂತ ಚೆನ್ನಾಗಿದ್ದರು. ಕಾರಣ ಹುಡುಕುವುದು ಗಾಯ ತೊಳೆದ ಹಾಗೆ ಕಾಣುತ್ತದೆ, ನಿಜದಲ್ಲಿ ಅದು ಸಂಬಂಧವನ್ನು ಒಬ್ಬರೇ ಮುಂದುವರಿಸುವ ದಾರಿ. ಉತ್ತರ ಕೊಡಬೇಕಾದವರು ಎದುರಿಗಿಲ್ಲ. ಹಾಗಾಗಿ ಕೇಳುವವರೂ ಉತ್ತರಿಸುವವರೂ ಆಕೆಯೇ ಆಗಿದ್ದರು, ತಪ್ಪಿತಸ್ಥರೂ ಆಕೆಯೇ.

ಕೊಟ್ಟ ಸಲಹೆ ಹೀಗಿತ್ತು. ಎರಡೂ ಪುಸ್ತಕಗಳನ್ನು ಪೇಪರಿನಲ್ಲಿ ಕಟ್ಟಿ ಅಕ್ಕನ ಕೈಗೆ ಕೊಡುವುದು, ಸುಡುವುದು ಬೇಡ. ಸಿಟ್ಟಿನಲ್ಲಿ ಸುಟ್ಟವರು ವಾರದಲ್ಲೇ ಹೊಸ ಪುಸ್ತಕ ಶುರು ಮಾಡುತ್ತಾರೆ. ಬದಲಿಗೆ ರಾತ್ರಿ ಎಂಟೂವರೆಗೆ ಹತ್ತೇ ನಿಮಿಷ, ನಾಲ್ಕು ಕಾಲಮಿನ ಲೆಕ್ಕ: ಹೊತ್ತು, ಮಾಡಿದ ಕೆಲಸ, ಜೊತೆಗೆ ಯಾರಿದ್ದರು, ಮನಸ್ಸಿನ ಭಾರ ಸೊನ್ನೆಯಿಂದ ಹತ್ತರಲ್ಲಿ ಎಷ್ಟು. ‘ಯಾಕೆಂದರೆ’ ಎಂಬ ಶಬ್ದ ಬರೆಯುವ ಹಾಗಿಲ್ಲ.

‘ಎಂತಕ್ಕೆ’ಗೂ ಒಂದು ಹೊತ್ತು ಇಟ್ಟೆವು. ಸಂಜೆ ಏಳಕ್ಕೆ, ಜಗಲಿಯ ಕುರ್ಚಿಯಲ್ಲಿ, ಅಲಾರಂ ಇಟ್ಟು 20 ನಿಮಿಷ. ಹಾಸಿಗೆಯಲ್ಲಿ ಬೇಡವೇ ಬೇಡ, ಅಲ್ಲಿ ಯೋಚಿಸಿದರೆ ಹಾಸಿಗೆ ಎಂದರೆ ಯೋಚನೆ ಎಂದೇ ಮನಸ್ಸಿಗೆ ರೂಢಿಯಾಗುತ್ತದೆ. ಹಗಲು ಆ ಪ್ರಶ್ನೆ ಬಂದರೆ ಚೀಟಿಯಲ್ಲಿ ಒಂದೇ ಶಬ್ದ ಬರೆದು ಸಂಜೆಗೆ ದೂಡಬೇಕು. ಅಲಾರಂ ಹೊಡೆದ ಕೂಡಲೇ ಎರಡೂ ಕೈಗೆ ಕೆಲಸ: ತೆಂಗಿನಕಾಯಿ ತುರಿಯುವುದು, ಬಟ್ಟೆ ಮಡಚುವುದು, ಮಲ್ಲಿಗೆ ಕಟ್ಟುವುದು. ಮೊದಲ ವಾರ ಇದು ಕೆಟ್ಟಿತು. ಇಪ್ಪತ್ತು ನಿಮಿಷ ಒಂದು ಗಂಟೆಯಾಯಿತು, ಅಕ್ಕನನ್ನೂ ಕೂರಿಸಿಕೊಂಡು ಅದು ಪಂಚಾಯಿತಿಯೇ ಆಯಿತು. ಅಕ್ಕನಿಗೆ ಬೇರೆಯಾಗಿ ಹೇಳಬೇಕಾಯಿತು: ಆ ಹೊತ್ತಿಗೆ ಹತ್ತಿರ ಕೂರಬೇಡಿ, ಅಲಾರಂ ಆದ ಮೇಲೆ ಬನ್ನಿ. ಮೂರನೇ ವಾರಕ್ಕೆ ‘ಹತ್ತು ನಿಮಿಷದಲ್ಲೇ ಮುಗೀತದೆ, ಮತ್ತೆ ಎಂತ ಯೋಚಿಸುವುದು ಅಂತ ಗೊತ್ತಾಗುವುದಿಲ್ಲ’ ಎಂದರು.

ಫೋನಿನದ್ದು ಇದಕ್ಕಿಂತ ಕಷ್ಟ. ‘ಲಾಸ್ಟ್ ಸೀನ್’ ಮತ್ತು ಸ್ಟೇಟಸ್ ನೋಡುವುದು ದಿನಕ್ಕೆ ಐವತ್ತು ಸಲ ದಾಟುತ್ತಿತ್ತು. ಬ್ಲಾಕ್ ಮಾಡಿ ಎನ್ನುವುದು ಸುಲಭ. ಆಕೆ ಒಂಬತ್ತು ಸಲ ಬ್ಲಾಕ್ ಮಾಡಿ, ಒಂಬತ್ತು ಸಲ ತೆಗೆದಿದ್ದರು. 2010ರಲ್ಲಿ ಮಾನವಶಾಸ್ತ್ರಜ್ಞೆ ಹೆಲೆನ್ ಫಿಶರ್ ತಂಡ ಪ್ರೀತಿಯಲ್ಲಿ ತಿರಸ್ಕೃತರಾದ 15 ಮಂದಿಯ ಮೆದುಳನ್ನು ಸ್ಕ್ಯಾನ್ ಮಾಡಿದಾಗ, ಬಿಟ್ಟುಹೋದವರ ಫೋಟೋ ನೋಡುವಾಗ ಚುರುಕಾದದ್ದು ಹಂಬಲ ಮತ್ತು ಚಟಕ್ಕೆ ಸಂಬಂಧಿಸಿದ ಭಾಗಗಳೇ. ಇದನ್ನು ವಿವರಿಸಿದಾಗ ಆಕೆಗೆ ಸಮಾಧಾನವಾಯಿತು. ಮಾನಗೆಟ್ಟು ನೋಡುತ್ತಿದ್ದೇನೆ ಎಂಬ ನಾಚಿಕೆ ಅಷ್ಟು ದಿನ ಒಳಗೇ ಇತ್ತು.

ಹಳೆಯ ಚಾಟ್, ಫೋಟೋಗಳನ್ನು ಪೆನ್‌ಡ್ರೈವಿಗೆ ಹಾಕಿ ಅಕ್ಕನಿಗೆ ಕೊಟ್ಟು ಫೋನಿನಿಂದ ಅಳಿಸಿದರು. ಎಲ್ಲವೂ ನಾಶವಾಯಿತೆಂಬ ಗಾಬರಿ ಇಲ್ಲದ ಕಾರಣ ಈ ಸಲದ ಬ್ಲಾಕ್ ಉಳಿಯಿತು. ಇಬ್ಬರಿಗೂ ಸ್ನೇಹಿತರಾದವರಿಗೆ ‘ಅವರ ಸುದ್ದಿ ನನಗೆ ಹೇಳಬೇಡಿ, ಒಳ್ಳೆಯದಾದರೂ’ ಎಂದು ಮೆಸೇಜ್ ಹೋಯಿತು. ಫೋನ್ ಚಾರ್ಜಿಗೆ ಇಡುವುದು ಅಡುಗೆಮನೆಯಲ್ಲಿ, ಏಳಲು ಬೇರೆ ಅಲಾರಂ ಗಡಿಯಾರ. ನೋಡಲೇಬೇಕು ಎಂಬ ತವಕ ಸಾಮಾನ್ಯವಾಗಿ 20–30 ನಿಮಿಷದಲ್ಲಿ ಏರಿ ಇಳಿಯುತ್ತದೆ, ಅಷ್ಟು ಹೊತ್ತು ತಡೆದರೆ ಸಾಕು. ಮೊದಲ ಎರಡು ವಾರ ಅದು ಕಮ್ಮಿಯಾಗುವ ಬದಲು ಜೋರಾಗಬಹುದು ಎಂದು ಮುಂಚೆಯೇ ಹೇಳಿಡಬೇಕು. ಹೇಳದಿದ್ದರೆ ‘ನನ್ನಿಂದ ಆಗಲಿಲ್ಲ’ ಎಂದು ಅಲ್ಲೇ ಬಿಟ್ಟುಬಿಡುತ್ತಾರೆ.

ಮೂರನೇ ತಿಂಗಳಲ್ಲಿ ಹೊಸ ನಂಬರಿನಿಂದ ಒಂದು ಸಾಲು ಬಂತು: ‘ಹೇಗಿದ್ದೀ?’ ಎರಡು ದಿನ ಉತ್ತರಿಸಬಾರದು ಎಂದು ಮೊದಲೇ ಮಾತಾಗಿತ್ತು. ಆ ಎರಡು ದಿನ ಕೆಟ್ಟದಾಗಿದ್ದವು, ನಿದ್ದೆ ಮತ್ತೆ ಹೋಯಿತು. ಎಲ್ಲಾದರೊಮ್ಮೆ ಸಿಗುವ ಇಂಥ ಒಂದು ಸಾಲು, ಏನೂ ಸಿಗದಿರುವುದಕ್ಕಿಂತ ಗಟ್ಟಿಯಾಗಿ ಕಟ್ಟಿಹಾಕುತ್ತದೆ. ಮೂರನೇ ದಿನ ಆಕೆಯೇ ಹೇಳಿದರು, ‘ಅದರಲ್ಲಿ ಕಾರಣ ಇಲ್ಲ ಮೇಡಂ, ಬರೀ ಪ್ರಶ್ನೆ.’ ಉತ್ತರ ಕಳಿಸಲಿಲ್ಲ.

ಮನೆಯಲ್ಲಿ ಅಮ್ಮ ‘ಇನ್ನೊಂದು ಜಾತಕ ನೋಡುವ’ ಎನ್ನುತ್ತಿದ್ದರು. ಆರು ತಿಂಗಳು ಆ ಮಾತು ಎತ್ತಬೇಡಿ ಎಂದು ಕೇಳಿಕೊಂಡೆವು, ಒಪ್ಪಿದರು. ಮದುವೆ, ಪೂಜೆಗಳಲ್ಲಿ ಕೇಳುವವರಿಗೆ ಒಂದೇ ಉತ್ತರ: ‘ಅದು ಆಗಲಿಲ್ಲ ದೊಡ್ಡಮ್ಮ. ಊಟ ಆಯ್ತಾ ನಿಮ್ಮದು?’ ಇದನ್ನು ಐದು ಸಲ ಗಟ್ಟಿಯಾಗಿ ಹೇಳಿಸಿ ಅಭ್ಯಾಸ ಮಾಡಿಸಿದ್ದು ಹೆಚ್ಚು ಕೆಲಸಕ್ಕೆ ಬಂತು.

ಇನ್ನು ಬಸ್ಸು. ಬಿಟ್ಟುಹೋದವರು ಬೇರೆ ಬಸ್ಸಿಗೆ ಹೋಗತೊಡಗಿ ಎಷ್ಟೋ ಕಾಲವಾಗಿತ್ತು. ಆದರೂ ಕಾಪು ಬಂದಾಗ ಆಕೆಯ ಕಣ್ಣು ಬಾಗಿಲ ಕಡೆಗೆ. ಆರು ವಾರ 8.05ರ ಬಸ್ಸಿಗೆ ಬರಲು ಹೇಳಿದೆವು. ತಪ್ಪಿಸಿಕೊಳ್ಳುವುದು ತಪ್ಪಲ್ಲ, ಅದಕ್ಕೆ ಮರಳುವ ತಾರೀಕು ಇರಬೇಕು. ಏಳನೇ ವಾರ ಒಂದು ಶನಿವಾರ ಸಹೋದ್ಯೋಗಿಯ ಜೊತೆ, ಆಮೇಲೆ ಒಬ್ಬರೇ. ಇಯರ್‌ಫೋನ್ ಇಲ್ಲ, ಕಣ್ಣು ಮುಚ್ಚುವ ಹಾಗಿಲ್ಲ, ಅರ್ಧದಲ್ಲಿ ಇಳಿಯುವ ಹಾಗಿಲ್ಲ. ಅರ್ಧದಲ್ಲಿ ಇಳಿದರೆ ಭಯ ಬಸ್ಸಿನಲ್ಲೇ ಉಳಿದುಬಿಡುತ್ತದೆ. ಮೊದಲ ದಿನ ಕಾಪುವಿನಲ್ಲಿ ಮನಸ್ಸಿನ ಭಾರ ಎಂಟು, ಮೂಲ್ಕಿಗೆ ಬರುವಾಗ ಮೂರು. ಐದನೇ ಸಲಕ್ಕೆ ಕಾಪುವಿನಲ್ಲೇ ನಾಲ್ಕು.

ಐದು ತಿಂಗಳಲ್ಲಿ ಹನ್ನೊಂದು ಭೇಟಿ. ಪಿಎಚ್‌ಕ್ಯೂ-9 ಆರನೇ ವಾರಕ್ಕೆ 12, ಕೊನೆಗೆ 5. ತೂಕ ಮೂರು ಕಿಲೋ ವಾಪಸು ಬಂದಿದೆ. ಅವರು ಬಿಟ್ಟ ಕಾರಣ ಇಂದಿಗೂ ಆಕೆಗೆ ಗೊತ್ತಿಲ್ಲ.

ಇದೇ ಸ್ಥಿತಿಯಲ್ಲಿ ಇರುವವರು ಏಳು ತಿಂಗಳು ಕಾಯಬೇಡಿ. ಎರಡು ವಾರ ಊಟ, ನಿದ್ದೆ, ಕೆಲಸ ತಪ್ಪಿದರೆ ಬನ್ನಿ. ಬದುಕು ಬೇಡ ಎನಿಸಿದರೆ ಅದೇ ದಿನ ಹತ್ತಿರದವರಿಗೆ ಹೇಳಿ. 14416 ಉಚಿತ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೂ ಮಾತಾಡಬಹುದು.

ಆಕೆ ತೋರಿಸಿದ ಕೊನೆಯ ಪುಟದಲ್ಲಿ ಬೆಳಗಿನ ಸಾಲು ಹೀಗಿತ್ತು: ‘7.40. ಬಸ್ಸು. ಪಕ್ಕದಲ್ಲಿ ಮೀನಿನ ಬುಟ್ಟಿಯ ಅಜ್ಜಿ, ಪಡುಬಿದ್ರಿವರೆಗೆ ಮಾತು. ಭಾರ 2.’ ಕಾಪುವಿನ ಹೆಸರು ಬರೆದಿರಲಿಲ್ಲ.